ಗ್ರಾಫಿಕ್ಸ್ ಕಾರ್ಡಿನ ವೋಲ್ಟೇಜನ್ನು ಮನೆಯಲ್ಲೇ ಬೆಸುಗೆ ಹಾಕಿ ಏರಿಸಬಹುದೇ?

ನೀವು ಕೇಳಿದ್ದು ಇಷ್ಟು: ಶಿವಮೊಗ್ಗದಲ್ಲಿದ್ದೀರಿ, ಒಬ್ಬರು ಬಳಸಿದ್ದ ಜಿಟಿಎಕ್ಸ್ 1060 ಕಾರ್ಡನ್ನು ಕೊಂಡಿದ್ದೀರಿ. ಕಾರ್ಡಿನ ವೇಗ ಬದಲಿಸುವ ತಂತ್ರಾಂಶವಾದ ಆಫ್ಟರ್‌ಬರ್ನರ್‌ನಲ್ಲಿ 2,050 ಮೆಗಾಹರ್ಟ್ಸ್ ದಾಟಿಸಿದರೆ ಆಟ ಅರ್ಧಕ್ಕೇ ನಿಲ್ಲುತ್ತದೆ. ಪೆನ್ಸಿಲ್ ಗೀಚಿ ಅಥವಾ ರೆಸಿಸ್ಟರ್ ಬೆಸೆದು ವೋಲ್ಟೇಜ್ ಏರಿಸುವ ವಿಡಿಯೊ ನೋಡಿದ್ದೀರಿ. ಮನೆಯಲ್ಲಿ 25 ವ್ಯಾಟಿನ ಸೋಲ್ಡರಿಂಗ್ ಐರನ್ ಇದೆ, ಮಲ್ಟಿಮೀಟರ್ ಇದೆ. ಮಾಡಬಹುದೇ?

ಮಾಡಬಹುದು. ಆದರೆ ಈ ಕಾರ್ಡಿನ ಮೇಲೆ ಮಾಡಬೇಡಿ. ಈ ಎರಡು ಮಾತುಗಳನ್ನೂ ನಾನು ಅನುಭವದಿಂದಲೇ ಹೇಳುತ್ತಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು. ಈಗ ತೀರ್ಥಹಳ್ಳಿಯ ಹತ್ತಿರ ತೋಟ ನೋಡಿಕೊಂಡಿದ್ದೇನೆ. ಓದುವ ದಿನಗಳಲ್ಲಿ ನನ್ನ ಬಳಿ ಇದ್ದದ್ದು ಜಿಫೋರ್ಸ್ 9600 ಜಿಟಿ. ಅದರ ಮೂಲ ವೇಗ 650 ಮೆಗಾಹರ್ಟ್ಸ್. ತಂತ್ರಾಂಶದಿಂದಲೇ 720ರವರೆಗೆ ಏರಿಸಿದ್ದೆ, ಅದರಾಚೆ ಪರದೆಯ ತುಂಬ ಬಣ್ಣದ ಚುಕ್ಕೆಗಳು. ಆಗ ನನಗೂ ನಿಮ್ಮ ಹಾಗೆಯೇ ಅನ್ನಿಸಿತ್ತು: ಚಿಪ್ಪಿಗೆ ಇನ್ನೂ ಶಕ್ತಿಯಿದೆ, ವೋಲ್ಟೇಜ್ ಒಂದೇ ಅಡ್ಡ ನಿಂತಿದೆ.

ಮೊದಲು ಈ ಕೆಲಸದ ಒಳಗುಟ್ಟು ತಿಳಿಯಬೇಕು. ಕಾರ್ಡಿಗೆ ಬರುವುದು 12 ವೋಲ್ಟ್, ಚಿಪ್ಪಿಗೆ ಬೇಕಾದದ್ದು ಒಂದು ವೋಲ್ಟಿನ ಆಸುಪಾಸು. ನಡುವೆ ಚೋಕ್ ಎಂಬ ತಂತಿಯ ಸುರುಳಿಗಳು, ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್‌ಗಳು, ಅವುಗಳನ್ನು ಆಡಿಸುವ ಒಂದು ಚಿಕ್ಕ ನಿಯಂತ್ರಕ. ನಮ್ಮ ಬಚ್ಚಲ ಒಲೆಯನ್ನು ನೆನಪಿಸಿಕೊಳ್ಳಿ. ಹಂಡೆಯ ನೀರನ್ನು ಚೊಂಬಿನಲ್ಲಿ ತೆಗೆದು ಬೆರಳದ್ದಿ ನೋಡುತ್ತಾರೆ. ಆರಿದ್ದರೆ ಕಟ್ಟಿಗೆ ಒಳಗೆ ನೂಕುತ್ತಾರೆ, ಕುದಿಯುತ್ತಿದ್ದರೆ ಹೊರಗೆಳೆಯುತ್ತಾರೆ. ನಿಯಂತ್ರಕವೂ ಹಾಗೆಯೇ. ತಾನು ಕೊಡುತ್ತಿರುವ ವೋಲ್ಟೇಜಿನ ಒಂದು ಪಾಲನ್ನು ಎರಡು ರೆಸಿಸ್ಟರ್‌ಗಳ ಮೂಲಕ ತರಿಸಿಕೊಂಡು, ತನ್ನೊಳಗಿನ ಸ್ಥಿರವಾದ ಅಳತೆಯ ಜೊತೆ ಹೋಲಿಸಿ ನೋಡುತ್ತಿರುತ್ತದೆ. ಆ ಪಾಲು ಬರುವ ಕಾಲಿಗೆ, ಅಂದರೆ ಪಿನ್ನಿಗೆ, ಫೀಡ್‌ಬ್ಯಾಕ್ ಎನ್ನುತ್ತಾರೆ. ಅಲ್ಲಿಂದ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿನ ಬದಿಗೆ, ನಾವು ಇನ್ನೊಂದು ರೆಸಿಸ್ಟರ್ ಸೇರಿಸಿದರೆ, ಬೆರಳದ್ದುವ ಚೊಂಬಿಗೆ ತಣ್ಣೀರು ಬೆರೆಸಿದಂತೆ. ನಿಯಂತ್ರಕ ನೀರು ಆರಿದೆ ಎಂದುಕೊಂಡು ಕಟ್ಟಿಗೆ ನೂಕುತ್ತದೆ. ವೋಲ್ಟೇಜ್ ಏರುತ್ತದೆ. ವೋಲ್ಟ್ ಮಾಡ್ ಎಂದರೆ ಇಷ್ಟೇ.

ಲೆಕ್ಕ ಹಾಕಿ ನೋಡಿ. ಒಳಗಿನ ಅಳತೆ 0.6 ವೋಲ್ಟ್, ಮೇಲಿನ ರೆಸಿಸ್ಟರ್ 1 ಕಿಲೋಓಮ್, ಕೆಳಗಿನದು 1.2 ಕಿಲೋಓಮ್ ಇದ್ದರೆ ಹೊರಬರುವುದು 1.10 ವೋಲ್ಟ್. ಕೆಳಗಿನದಕ್ಕೆ ಅದರ ಇಪ್ಪತ್ತು ಪಟ್ಟು, ಅಂದರೆ 24 ಕಿಲೋಓಮ್ ಸಮಾನಾಂತರವಾಗಿ ಸೇರಿಸಿದರೆ 1.125 ವೋಲ್ಟ್. ಇಪ್ಪತ್ತು ಪಟ್ಟಿನಿಂದ ಆರಂಭಿಸುವುದು ಹಳಬರು ಪಾಲಿಸುವ ಕ್ರಮ, ಅದು ಸರಿಯಾದದ್ದೇ. ಮುಂದಿನದನ್ನು ಗಮನಿಸಿ. 24ರಿಂದ 12ಕ್ಕೆ ಇಳಿಸಿದರೆ ಇನ್ನೂ 25 ಮಿಲಿವೋಲ್ಟ್ ಏರುತ್ತದೆ. 12ರಿಂದ 6ಕ್ಕೆ ಇಳಿಸಿದರೆ 50, ಆರರಿಂದ ಮೂರಕ್ಕೆ ಇಳಿಸಿದರೆ 100. ಪ್ರಿಸೆಟ್ಟನ್ನು (ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್) ತಿರುಗಿಸುತ್ತಾ ಹೋದ ಹಾಗೆ ಮೊದಲ ಸುತ್ತುಗಳಲ್ಲಿ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಕೊನೆಯ ಸುತ್ತುಗಳಲ್ಲಿ ಕೈ ಮೀರುತ್ತದೆ. ಒಂದೇ ಸುತ್ತಿನ ಅಗ್ಗದ ಪ್ರಿಸೆಟ್ ಈ ಕೆಲಸಕ್ಕೆ ಬೇಡವೇ ಬೇಡ. ಹಲವು ಸುತ್ತಿನದೇ ಬೇಕು. ನಾನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ತಂದಿಟ್ಟುಕೊಂಡಿದ್ದೆ.

ಪೆನ್ಸಿಲ್ ಗೀಚುವುದೂ ಇದೇ ತತ್ತ್ವ. ಗ್ರ್ಯಾಫೈಟ್ ವಿದ್ಯುತ್ತನ್ನು ಹರಿಯಬಿಡುತ್ತದೆ, ರೆಸಿಸ್ಟರಿನ ಮೇಲೆ ಗೀಚಿದರೆ ಅದರ ಓಮ್ ಕಡಿಮೆಯಾಗುತ್ತದೆ. ಒಂದು ಮಧ್ಯಾಹ್ನದ ಪ್ರಯೋಗಕ್ಕೆ ಪರವಾಗಿಲ್ಲ. ನಮ್ಮ ಕಡೆ ಅದನ್ನು ನೆಚ್ಚಿಕೊಳ್ಳಬಾರದು. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಚಪ್ಪಲಿಯ ಮೇಲೂ ಬೂಸ್ಟು ಬೆಳೆಯುತ್ತದೆ. ಅಂಥ ತೇವದಲ್ಲಿ ಗೀಚಿದ ಪುಡಿ, ಒರೆಸದೆ ಬಿಟ್ಟ ಬೆಸುಗೆಯ ಫ್ಲಕ್ಸ್, ಕೂತ ಧೂಳು ಎಲ್ಲವೂ ಸೇರಿ ವಿದ್ಯುತ್ತಿಗೆ ಹೊಸ ದಾರಿ ಮಾಡಿಕೊಡುತ್ತವೆ. ಫೀಡ್‌ಬ್ಯಾಕ್ ಕಾಲಿನಲ್ಲಿ ಹರಿಯುವುದು ಅತಿ ಸಣ್ಣ ಪ್ರವಾಹ, ಆದ್ದರಿಂದ ಅಲ್ಲಿನ ಒಂದು ಚಿಕ್ಕ ಸೋರಿಕೆಯೂ ಚಿಪ್ಪಿನ ವೋಲ್ಟೇಜಿನಲ್ಲಿ ಕಾಣಿಸಿಕೊಳ್ಳುತ್ತದೆ.

ನಾನು ಬೆಸುಗೆಯನ್ನೇ ಹಾಕಿದೆ. 1.10 ವೋಲ್ಟಿನಿಂದ 1.21ಕ್ಕೆ ಏರಿಸಿ 790 ಮೆಗಾಹರ್ಟ್ಸ್ ಮುಟ್ಟಿದೆ. ಆ ರಾತ್ರಿಯ ಸಂತೋಷ ಈಗಲೂ ನೆನಪಿದೆ. ಆದರೆ ಆ ಸಂತೋಷದ ಬೆಲೆಯನ್ನೂ ಲೆಕ್ಕ ಹಾಕಬೇಕು. ಚಿಪ್ಪು ಕುಡಿಯುವ ವಿದ್ಯುತ್ತು ವೇಗದ ಜೊತೆ ಸಮವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದಂತೆ ಏರುತ್ತದೆ. ವೋಲ್ಟೇಜ್ ಶೇ 10 ಹೆಚ್ಚಾದರೆ ಅದೊಂದರಿಂದಲೇ ಶೇ 21. ವೇಗದ ಶೇ 10 ಸೇರಿದರೆ ಶೇ 33. ನನಗೆ ಸಿಕ್ಕಿದ್ದು ಹತ್ತನೆಯ ಒಂದು ಭಾಗದ ವೇಗ, ಹೊರಹಾಕಬೇಕಾಗಿ ಬಂದದ್ದು ಮೂರನೆಯ ಒಂದು ಭಾಗದಷ್ಟು ಹೆಚ್ಚುವರಿ ಬಿಸಿ. ಆಟದಲ್ಲಿ ಸೆಕೆಂಡಿಗೆ 40 ಫ್ರೇಮ್ ಬರುತ್ತಿದ್ದ ಕಡೆ 43 ಬಂತು.

ಬೇಸಿಗೆ ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ಜೂನ್‌ನಲ್ಲಿ ಮಳೆ ಹಿಡಿಯಿತು. ನಾನು ಪ್ರಿಸೆಟ್ಟನ್ನು ಎರಡು ಬದಿ ಅಂಟುವ ಟೇಪಿನಿಂದ ಕಾರ್ಡಿನ ಹಿಂಬದಿಗೆ ಅಂಟಿಸಿ, ಎರಡಂಗುಲದ ತಂತಿಯಿಂದ ಫೀಡ್‌ಬ್ಯಾಕ್ ಬಿಂದುವಿಗೆ ಜೋಡಿಸಿದ್ದೆ. ಬಿಸಿಗೂ ತೇವಕ್ಕೂ ಸಿಕ್ಕಿ ಟೇಪು ಬಿಟ್ಟುಕೊಂಡಿತು. ಜೋತುಬಿದ್ದ ಪ್ರಿಸೆಟ್ಟಿನ ಕಾಲು ಕ್ಯಾಬಿನೆಟ್ಟಿನ ತಗಡಿಗೆ ತಾಗಿತು. ತಗಡೆಂದರೆ ಗ್ರೌಂಡ್. ಫೀಡ್‌ಬ್ಯಾಕ್ ನೇರವಾಗಿ ಗ್ರೌಂಡ್ ಆಯಿತು, ನಿಯಂತ್ರಕಕ್ಕೆ ನೀರು ಮಂಜುಗಡ್ಡೆಯಷ್ಟು ತಣ್ಣಗೆ ಕಂಡಿತು, ಇದ್ದಬದ್ದ ಕಟ್ಟಿಗೆಯನ್ನೆಲ್ಲ ಒಲೆಗೆ ತುಂಬಿತು. ಪರದೆ ಕಪ್ಪಾಯಿತು, ಸುಟ್ಟ ವಾಸನೆ ಬಂತು. ಆ ಕಾರ್ಡು ಮತ್ತೆ ಏಳಲಿಲ್ಲ. ಅಪ್ಪ ಅಡಿಕೆ ಮಾರಿದ ಹಣದಲ್ಲಿ ಕೊಡಿಸಿದ ಕಾರ್ಡು ಅದು, ಅದಕ್ಕಾಗಿ ನನಗೆ ಬಹಳ ದಿನ ಬೇಸರವಿತ್ತು.

ಅದನ್ನು ತಡೆಯುತ್ತಿದ್ದದ್ದು ಒಂದು ರೂಪಾಯಿ ಬೆಲೆಯ ರೆಸಿಸ್ಟರ್. ಪ್ರಿಸೆಟ್ಟಿನ ಜೊತೆ ಸರಣಿಯಲ್ಲಿ 4.7 ಕಿಲೋಓಮಿನ ಸ್ಥಿರ ರೆಸಿಸ್ಟರ್ ಹಾಕಿದ್ದರೆ, ಮೇಲಿನ ಲೆಕ್ಕದಲ್ಲಿ ವೋಲ್ಟೇಜ್ ಏನೇ ಆದರೂ 1.23 ದಾಟುತ್ತಿರಲಿಲ್ಲ. ಇದನ್ನು ಹೇಳುವವರು ಇದ್ದಾರೆ. ಆದರೆ ಆ ರೆಸಿಸ್ಟರ್ ಎಲ್ಲಿರಬೇಕು ಎನ್ನುವುದನ್ನು ಹೇಳುವವರನ್ನು ನಾನು ಹೆಚ್ಚು ಕಂಡಿಲ್ಲ. ಅದು ಪ್ರಿಸೆಟ್ಟಿನ ಪಕ್ಕದಲ್ಲಿದ್ದರೆ ಸಾಲದು. ಫೀಡ್‌ಬ್ಯಾಕ್ ಬಿಂದುವಿಗೇ, ಕಾರ್ಡಿಗೆ ಅಂಟಿಕೊಂಡಂತೆ ಮೊದಲು ಅದನ್ನು ಬೆಸೆಯಬೇಕು, ತಂತಿ ಅದರ ಆಚೆಯ ತುದಿಯಿಂದ ಹೊರಡಬೇಕು. ಆಗ ತಂತಿಯೋ ಪ್ರಿಸೆಟ್ಟೋ ತಗಡಿಗೆ ತಾಗಿದರೂ ಚಿಪ್ಪು ಉಳಿಯುತ್ತದೆ. ಹಾಗೆಯೇ ಪ್ರಿಸೆಟ್ಟಿನ ನಡುಗಾಲನ್ನು ಬಳಸದ ತುದಿಗೆ ಸೇರಿಸಿಬಿಡಿ. ಒಳಗಿನ ಸಂಪರ್ಕ ಎಂದಾದರೂ ಬಿಟ್ಟುಹೋದರೆ ವೋಲ್ಟೇಜ್ ಕೆಳಕ್ಕೆ ಬರುತ್ತದೆ, ಮೇಲಕ್ಕೆ ಹೋಗುವುದಿಲ್ಲ.

ಈಗ ನಿಮ್ಮ 1060ರ ಮಾತು. ಅದು 2016ರ ಕಾರ್ಡು, ನನ್ನ 9600ರ ಕಾಲದ್ದಲ್ಲ. ಅದರಲ್ಲಿ ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಬೇಕೆಂದು ಚಿಪ್ಪೇ ಕ್ಷಣಕ್ಷಣಕ್ಕೂ ನಿಯಂತ್ರಕಕ್ಕೆ ಹೇಳುತ್ತಿರುತ್ತದೆ. ಕಾರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯಾಸ್‌ಗೆ ಡಿಜಿಟಲ್ ಸಹಿ ಇರುವುದರಿಂದ ಅದನ್ನು ಸುಲಭವಾಗಿ ತಿದ್ದಲಾಗದು, ತಂತ್ರಾಂಶದಿಂದ 1.093 ವೋಲ್ಟಿಗಿಂತ ಮೇಲೆ ಹೋಗಲಾಗದು. ನೀವು ಹೊರಗಿನಿಂದ ರೆಸಿಸ್ಟರ್ ಸೇರಿಸಿದರೆ ಚಿಪ್ಪಿಗೆ ಅದು ಗೊತ್ತೇ ಆಗುವುದಿಲ್ಲ. ಪರದೆಯ ಮೇಲೆ 1.062 ಎಂದೇ ಕಾಣುತ್ತಿರುತ್ತದೆ, ನಿಜವಾಗಿ ಇರುವುದು 1.15 ಆಗಿರಬಹುದು. ಮಲ್ಟಿಮೀಟರ್ ಹೇಳಿದ್ದನ್ನು ಮಾತ್ರ ನಂಬಬೇಕು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಕಾರ್ಡು ತಾನು ಎಳೆಯುವ ವಿದ್ಯುತ್ತನ್ನು ಶಂಟ್ ಎಂಬ ಪುಟ್ಟ ರೆಸಿಸ್ಟರ್‌ಗಳ ಮೂಲಕ ಅಳೆಯುತ್ತದೆ. ಅದರ ಮೂಲ ಮಿತಿ 120 ವ್ಯಾಟ್. ವೋಲ್ಟೇಜ್ ಏರಿಸಿದ ಕೂಡಲೇ ಮಿತಿ ಬೇಗ ಬಂದು ಮುಟ್ಟುತ್ತದೆ, ಕಾರ್ಡು ತಾನಾಗಿಯೇ ವೇಗ ಇಳಿಸುತ್ತದೆ. ಬೆಸೆದು ಏರಿಸಿದವರಿಗೆ ಮೊದಲಿಗಿಂತ ಕಡಿಮೆ ವೇಗ ಸಿಗುವುದು ಇದರಿಂದಲೇ. ಆಮೇಲೆ ಶಂಟ್‌ಗೂ ಕೈ ಹಾಕಬೇಕಾಗುತ್ತದೆ. ಅದರ ಮೇಲೆ ಅಷ್ಟೇ ಬೆಲೆಯ ಇನ್ನೊಂದನ್ನು ಕೂರಿಸಿದರೆ ಕಾರ್ಡು ಎಳೆದದ್ದರಲ್ಲಿ ಅರ್ಧವನ್ನಷ್ಟೇ ಕಾಣುತ್ತದೆ. ಆರು ಪಿನ್ನಿನ ಕನೆಕ್ಟರಿಗೆ ಗೊತ್ತುಮಾಡಿರುವುದು 75 ವ್ಯಾಟ್, ಮದರ್‌ಬೋರ್ಡಿನ ಸ್ಲಾಟಿಗೆ ಇನ್ನೊಂದು 75. ಆ ಲೆಕ್ಕ ಮೀರಿ ಎಳೆಯುವಾಗ ಸ್ಲಾಟಿನ ಬಾಯಿ ಕಪ್ಪಾಗುವುದುಂಟು. ಮಾಸ್‌ಫೆಟ್‌ಗಳಿಗೆ ಬೇರೆ ತಂಪು ಬೇಕು. ಒಂದನ್ನು ಬಿಚ್ಚಿದರೆ ಮತ್ತೊಂದು, ಅದನ್ನು ಬಿಚ್ಚಿದರೆ ಮಗದೊಂದು. ಇಷ್ಟಾದ ಮೇಲೂ ಈ ಪೀಳಿಗೆಯ ಚಿಪ್ಪುಗಳು ಸಾಮಾನ್ಯ ಫ್ಯಾನಿನ ತಂಪಿನಲ್ಲಿ ಹೆಚ್ಚಿನ ವೋಲ್ಟೇಜಿಗೆ ಹೆಚ್ಚು ವೇಗ ಕೊಡುವುದಿಲ್ಲ. 2,050 ನಿಮ್ಮ ಕಾರ್ಡಿಗೆ ಕಡಿಮೆಯೇನೂ ಅಲ್ಲ.

ಹಾಗಾದರೆ ಏನು ಮಾಡಬೇಕು? ಉಲ್ಟಾ ದಾರಿ ಹಿಡಿಯಿರಿ, ವೋಲ್ಟೇಜ್ ಇಳಿಸಿ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಕೀ ಒತ್ತಿದರೆ ವೋಲ್ಟೇಜ್ ಮತ್ತು ವೇಗದ ರೇಖೆ ತೆರೆಯುತ್ತದೆ. 0.950 ವೋಲ್ಟಿನ ಬಿಂದುವನ್ನು 1,900 ಮೆಗಾಹರ್ಟ್ಸ್‌ಗೆ ಎತ್ತಿ, ಅದರ ಬಲಗಡೆಯ ಬಿಂದುಗಳನ್ನೆಲ್ಲ ಅದೇ ಮಟ್ಟಕ್ಕೆ ಇಳಿಸಿ, ಒಪ್ಪಿಗೆಯ ಗುರುತು ಒತ್ತಿ. ನನ್ನ ತಮ್ಮನ 1060 ಏಪ್ರಿಲ್‌ನಲ್ಲಿ 80 ಡಿಗ್ರಿ ಮುಟ್ಟಿ, ಕಾದ ಹಾಗೆಲ್ಲ ವೇಗವನ್ನು 12-13 ಮೆಗಾಹರ್ಟ್ಸ್‌ನಂತೆ ಇಳಿಸಿಕೊಳ್ಳುತ್ತಾ 1,880ಕ್ಕೆ ಬಂದು ನಿಲ್ಲುತ್ತಿತ್ತು. ಇದನ್ನು ಮಾಡಿದ ಮೇಲೆ 68 ಡಿಗ್ರಿಯಲ್ಲಿ 1,900ಕ್ಕೆ ಕಚ್ಚಿ ನಿಂತಿದೆ, ಫ್ಯಾನಿನ ಸದ್ದೂ ಇಲ್ಲ. ಪ್ರತಿ ಚಿಪ್ಪೂ ಬೇರೆ. ನಿಮ್ಮದು ತಡೆಯದಿದ್ದರೆ ಒಂದೆರಡು ಹೆಜ್ಜೆ ವೋಲ್ಟೇಜ್ ಹೆಚ್ಚಿಸಿ. ಇದಕ್ಕೂ ಮೊದಲು ಕಾರ್ಡನ್ನು ಬಿಚ್ಚಿ, ಚಿಪ್ಪಿನ ಬಿಸಿಯನ್ನು ಹೊರಗೆ ದಾಟಿಸುವ, ಈಗ ಒಣಗಿದ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸದನ್ನು ಹಾಕಿ. ಅಷ್ಟು ಹಳೆಯ ಕಾರ್ಡಿನಲ್ಲಿ ಇದೊಂದೇ ಕೆಲಸ ಯಾವ ಬೆಸುಗೆಗಿಂತಲೂ ಹೆಚ್ಚು ಫಲ ಕೊಡುತ್ತದೆ.

ನಮ್ಮ ಊರುಗಳ ವಿದ್ಯುತ್ತಿನ ಬಗ್ಗೆಯೂ ಒಂದು ಮಾತು. ಸಂಜೆ ತೋಟಗಳ ಪಂಪ್‌ಸೆಟ್‌ಗಳು ಒಟ್ಟಿಗೆ ಚಾಲೂ ಆದಾಗ ನಮ್ಮ ಮನೆಯ 230 ವೋಲ್ಟ್ 170ಕ್ಕೆ ಇಳಿದದ್ದನ್ನು ನೋಡಿದ್ದೇನೆ. ಓವರ್‌ಕ್ಲಾಕ್, ಅಂದರೆ ಏರಿಸಿದ ವೇಗ, ಕುಸಿಯುವುದು ಚಿಪ್ಪಿನ ದೋಷದಿಂದಲೋ ಪವರ್ ಸಪ್ಲೈ ಸೋಲುವುದರಿಂದಲೋ ಎಂದು ಮೊದಲು ಪರೀಕ್ಷಿಸಿ: ಆಟ ನಡೆಯುತ್ತಿರುವಾಗ 12 ವೋಲ್ಟಿನ ಹಳದಿ ತಂತಿಯಲ್ಲಿ 11.4ಕ್ಕಿಂತ ಕಡಿಮೆ ಕಂಡರೆ ಕಾರ್ಡಿನ ತಪ್ಪಿಲ್ಲ. ಮರದ ಮಾಳಿಗೆಯ ಹಳೆಯ ಮನೆಯಾದರೆ ಅರ್ಥಿಂಗ್ ನೋಡಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಅರ್ಥಿಂಗ್ ಇಲ್ಲವೆಂದೇ ತಿಳಿಯಿರಿ. ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ತಗಡಿಗೆ ನೂರಕ್ಕೂ ಹೆಚ್ಚು ವೋಲ್ಟ್ ಬಂದು ಕೂತಿರುತ್ತದೆ. ಇದ್ದಿಲು, ಉಪ್ಪು ಹಾಕಿದ ಗುಂಡಿ ತೋಡಿಸಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯುತ್ತಿರಿ. ಯಾವ ಕಾರಣಕ್ಕೂ ಸಾಕೆಟ್ಟಿಗೆ ಚುಚ್ಚಿದ ಕಂಪ್ಯೂಟರಿನೊಳಗೆ ಸೋಲ್ಡರಿಂಗ್ ಐರನ್ ತೂರಿಸಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡಿ.

ಇಷ್ಟು ಓದಿದ ಮೇಲೂ ಬೆಸುಗೆಯ ಆಸೆ ಹೋಗಿಲ್ಲವಾದರೆ ನನಗೆ ಸಂತೋಷವೇ, ಏಕೆಂದರೆ ಇದು ಕಲಿಯಬೇಕಾದ ವಿದ್ಯೆ. ರಿಪೇರಿ ಅಂಗಡಿಯವರನ್ನು ಕೇಳಿದರೆ ನನ್ನ 9600ರ ಕಾಲದ ಕಾರ್ಡು ನೂರಿನ್ನೂರು ರೂಪಾಯಿಗೆ ಸಿಗಬಹುದು. ಅದರ ನಿಯಂತ್ರಕದ ಮೇಲೆ ಬರೆದಿರುವ ಸಂಖ್ಯೆಯನ್ನು ಭೂತಗನ್ನಡಿಯಿಂದ ಓದಿ, ತಯಾರಕರು ಕೊಟ್ಟ ಅದರ ವಿವರಪತ್ರ (ಡೇಟಾಶೀಟ್) ಹುಡುಕಿ, ಫೀಡ್‌ಬ್ಯಾಕ್ ಕಾಲು ಯಾವುದೆಂದು ಗುರುತಿಸಿ. ಕಾರ್ಡನ್ನು ಹೊರಗೆ ತೆಗೆದು ಆ ಕಾಲಿನಿಂದ ಗ್ರೌಂಡಿಗೆ ಎಷ್ಟು ಓಮ್ ಇದೆ ಅಳೆಯಿರಿ. ಚಿಪ್ಪಿನ ವೋಲ್ಟೇಜ್ ಬಿಂದುವಿನಿಂದ ಗ್ರೌಂಡಿಗೆ ಒಂದೆರಡು ಓಮ್ ಮಾತ್ರ ಕಂಡರೆ ಶಾರ್ಟ್ ಆಗಿದೆ ಎಂದು ಗಾಬರಿಯಾಗಬೇಡಿ, ದೊಡ್ಡ ಚಿಪ್ಪುಗಳಲ್ಲಿ ಅದು ಸಹಜ. ನಿಯಂತ್ರಕದ ಸಂಖ್ಯೆ, ಅಳೆದ ಓಮ್, ಕಾರ್ಡಿನ ಎರಡೂ ಬದಿಯ ಚಿತ್ರ ಇಷ್ಟನ್ನು ಇಲ್ಲೇ ಕೆಳಗೆ ಹಾಕಿ. ಯಾವ ಬೆಲೆಯ ರೆಸಿಸ್ಟರ್ ಬೇಕೆಂದು ಲೆಕ್ಕ ಹಾಕಿ ಹೇಳುತ್ತೇನೆ. ಅಲ್ಲಿಯವರೆಗೆ ಐರನ್ ಕಾಯಿಸಬೇಡಿ.