ಮುಳುಗಡೆಯ ಅನುಭವವನ್ನು ಗಿಟಾರ್ ಒಂದರಲ್ಲೇ ಹೇಳಬಹುದೇ?

ಮುಳುಗಡೆಯಾದ ಊರಿನವರ ಅನುಭವವನ್ನು ಹಾಡಿಲ್ಲದೆ, ಬರೀ ಗಿಟಾರ್‌ನಲ್ಲಿ ಕಟ್ಟುವುದು ಹೇಗೆ, ಯಾವ ರಾಗ ಹಿಡಿಯಬೇಕು ಅಂತ ಕೇಳಿದ್ದೀರಿ. ನಾನು ಬಾಗಲಕೋಟೆ ನವನಗರದವನು. ಹಳೇ ಊರಿನ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಗಿಟಾರ್ ನುಡಿಸುತ್ತೇನೆ. ನನ್ನ ಪ್ರಕಾರ ರಾಗ ಹುಡುಕುವುದನ್ನು ಬಿಟ್ಟು ಶ್ರುತಿ ಕದಲಿಸಿ.

ದುಃಖದ ರಾಗ ಕೇಳಿದವರು ಅಯ್ಯೋ ಪಾಪ ಅಂದು ಎದ್ದು ಹೋಗುತ್ತಾರೆ. ಊರು ಬಿಟ್ಟವರಿಗೆ ಆಗುವುದೇ ಬೇರೆ. ನಮ್ಮ ಆಯಿ ನವನಗರಕ್ಕೆ ಬಂದ ಮೇಲೂ ನಡುರಾತ್ರಿ ಎದ್ದರೆ ಹಳೇ ಮನೆಯ ಬಚ್ಚಲಿದ್ದ ದಿಕ್ಕಿಗೇ ನಡೆಯುತ್ತಿದ್ದಳು. ಅಲ್ಲಿ ಗೋಡೆ. ಗಿಟಾರ್ ಇದನ್ನು ಚೆನ್ನಾಗಿ ಹೇಳಬಲ್ಲದು, ಯಾಕಂದರೆ ನುಡಿಸುವವನ ಬೆರಳಿಗೂ ಹೀಗೇ ದಾರಿ ರೂಢಿಯಾಗಿರುತ್ತದೆ.

ಮನೆಯಲ್ಲಿ ಕೇಳಿ ಬೆಳೆದ ಬೀಸುವ ಪದದ ಧಾಟಿಯೊಂದನ್ನು ತಗೊಳ್ಳಿ. ಮಾಮೂಲಿ ಶ್ರುತಿಯಲ್ಲಿ ನುಡಿಸಿ ಲೂಪರ್‌ನಲ್ಲಿ, ಅಂದರೆ ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಯಂತ್ರದಲ್ಲಿ, ಹಿಡಿದಿಡಿ. ಆಮೇಲೆ ಎರಡು ತಂತಿ ಮಾತ್ರ ಇಳಿಸಿ. ಆರೂ ಬೇಡ, ಹಳೇ ಬಾಗಲಕೋಟೆಯೂ ಪೂರಾ ಮುಳುಗಿಲ್ಲ. ಈಗ ಬೆರಳಿನ ಜಾಗ ಬದಲಿಸದೆ ಅದೇ ಧಾಟಿ ನುಡಿಸಿ. ಕೆಲವು ಸ್ವರ ಇದ್ದಲ್ಲೇ ಸಿಗುತ್ತವೆ, ಕೆಲವು ಸಿಗುವುದಿಲ್ಲ. ಕಿವಿಗೆ ಕಟುವಾದರೂ ತಿದ್ದಬೇಡಿ.

ಎಷ್ಟು ಇಳಿಸುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ಪೂರಾ ಅರ್ಧ ಸ್ವರ ಇಳಿಸಿದರೆ ಅದು ಪಕ್ಕದ ಸ್ವರವಾಗಿ ಆರಾಮಾಗಿ ಕೂತುಬಿಡುತ್ತದೆ. ಅದರ ಅರ್ಧ ಸಾಕು. ಐದನೇ ತಂತಿ 110 ಹರ್ಟ್ಸ್, ಅಂದರೆ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಅದನ್ನು 107ಕ್ಕೆ ತಂದರೆ ಗಿಟಾರ್ ಕತ್ತಿನ ಯಾವ ಫ್ರೆಟ್ಟಿಗೂ (ಸ್ವರದ ಜಾಗ ಗುರುತಿಸುವ ಲೋಹದ ಪಟ್ಟಿಗೂ) ಸೇರದ ಸ್ವರ. ಲೂಪರ್‌ನ ಹಳೇ ದನಿಯ ಜೊತೆ ಮೀಟಿದರೆ ಸೆಕೆಂಡಿಗೆ ಮೂರು ಸಲ ದನಿ ಉಬ್ಬಿ ಕುಗ್ಗುತ್ತದೆ. ಒಂಟಿಯಾಗಿ ಕೇಳಿದರೆ ಎರಡರಲ್ಲೂ ಈ ನಡುಕ ಇಲ್ಲ.

ನೀರಿನ ಸದ್ದು ರೆಕಾರ್ಡ್ ಮಾಡಿ ಸೇರಿಸಬೇಡಿ, ದಯವಿಟ್ಟು. ನಮ್ಮೂರು ಒಂದು ರಾತ್ರಿಯ ಪ್ರವಾಹಕ್ಕೆ ಹೋದದ್ದಲ್ಲ. ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಆಮೇಲೆ ಸರ್ವೆ, ನೋಟಿಸು, ಪರಿಹಾರದ ಕೇಸು ಅಂತ ದಶಕಗಟ್ಟಲೆ ನಡೆಯಿತು. ಹಾಗಾಗಿ ತಂತಿಯನ್ನೂ ನುಡಿಸುತ್ತ ನುಡಿಸುತ್ತಲೇ ಬಿರಡೆ ತಿರುವಿ, ಕೇಳುವವರಿಗೆ ಮೊದಮೊದಲು ಗೊತ್ತೇ ಆಗದಷ್ಟು ನಿಧಾನ ಇಳಿಸಿ. ಸವದತ್ತಿ ಎಲ್ಲಮ್ಮನ ಜೋಗತಿಯರು ಚೌಡಿಕೆಯ ಒಂದೇ ತಂತಿಯನ್ನು ಬಿಗಿದು ಸಡಿಲಿಸಿ ಸ್ವರ ಜಾರಿಸುವುದನ್ನು ಹತ್ತಿರ ಕೂತು ನೋಡಿ. 1960ರ ದಶಕದಲ್ಲೇ ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ನುಡಿಸಿದ ಇಂಗ್ಲೆಂಡಿನ ಕೀತ್ ರೋ ಅವರನ್ನೂ ಕೇಳಿ, ಆದರೆ ಚೌಡಿಕೆ ಮೊದಲು.

ಕೊನೆಗೆ ಷಡ್ಜಕ್ಕೆ ಬಂದು ನಿಲ್ಲಬೇಡಿ. ಅಣೆಕಟ್ಟಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ, ಅದಕ್ಕೆ ಇನ್ನಷ್ಟು ಊರು ಹೋಗುತ್ತವೆ. ಇನ್ನೊಂದು ತಂತಿ ಇಳಿಯಲು ಶುರುವಾದಲ್ಲೇ ಬಿಟ್ಟುಬಿಡಿ. ಮತ್ತೆ, ಬೆಂಗಳೂರಿನ ಸಭಿಕರಿಗಿಂತ ಮುಂಚೆ ಮನೆ ಕಳಕೊಂಡ ಹಿರಿಯರ ಮುಂದೆ ನುಡಿಸಿ. ಧಾಟಿ ಅವರಿಗೆ ಗೊತ್ತು; ಎಲ್ಲಿ ಅತಿಯಾಯಿತು ಅಂತ ಅವರೇ ಹೇಳುತ್ತಾರೆ.