ಏಳನೇ ಕೆನಲ್‌ನ ಬ್ರೂನೊ ವಿಷಯ: ಮೊದಲು ಆ ಸ್ಪ್ರೇ ಬಾಟ್ಲಿ ಒಳಗಿಡಿ

ನಿಮ್ಮ ಶೆಲ್ಟರ್‌ನ (ದಿಕ್ಕಿಲ್ಲದ ನಾಯಿ, ಬೆಕ್ಕುಗಳ ಆಶ್ರಯಧಾಮ) ಏಳನೇ ಕೆನಲ್‌ನಲ್ಲಿ, ಅಂದರೆ ಜಾಲರಿ ಗೇಟಿನ ನಾಯಿಗೂಡಿನಲ್ಲಿ, ಇರೋ ಬ್ರೂನೊ ಬಗ್ಗೆ ಕೇಳಿದವರಿಗೆ ಈ ಉತ್ತರ. ನೀವು ಬರೆದದ್ದು ಇಷ್ಟು: ಹೊರಗೆ ಬಂದರೆ ನಾಯಿ ಬಂಗಾರ. ಗೇಟಿನ ಹಿಂದೆ ಇದ್ದಾಗ ಮಾತ್ರ ಯಾರು ಬಂದರೂ ಜಾಲರಿಗೆ ಎಗರಿ ಬೊಗಳುತ್ತೆ. ನೀವು ಗೇಟಿಗೆ ಎದುರಾಗಿ ನಿಂತು ಸುಮ್ಮನಾಗೋವರೆಗೆ ಕಾಯ್ತೀರಿ, ಆಗದಿದ್ದರೆ ಮುಖಕ್ಕೆ ನೀರು. ಎರಡು ವಾರದಲ್ಲಿ ಬೊಗಳೋದು ಅರ್ಧಕ್ಕೆ ಇಳಿದಿದೆ, ಆದರೆ ಈಗ ಹಿಂದಿನ ಮೂಲೇಲಿ ನಿಂತು ಗುರ್ ಅನ್ನುತ್ತೆ. "ಇದು ಪ್ರೋಗ್ರೆಸ್ ತಾನೇ?" ಅಂತ ಕೇಳಿದ್ದೀರಿ.

ಅಲ್ಲ. ಇದೇ ತಪ್ಪನ್ನ ಇಂಥದ್ದೇ ಬಾಟ್ಲಿ ಹಿಡ್ಕೊಂಡು ನಾನೂ ಮಾಡಿದ್ದೀನಿ, ಅದಕ್ಕೇ ಇಷ್ಟುದ್ದ ಬರೀತಿರೋದು. ನೀರು ಬಿದ್ದಾಗ ನಾಯಿ ಕಲಿತದ್ದು "ಬೊಗಳಬಾರದು" ಅಂತಲ್ಲ, "ಗೇಟಿಗೆ ಮನುಷ್ಯ ಬಂದರೆ ಕೆಟ್ಟದ್ದಾಗುತ್ತೆ" ಅಂತ. ಸದ್ದು ಇಳಿಯಿತು, ಒಳಗಿನ ಭಯ ಏರಿತು. ಈಗ ಆ ಗುರ್‌ಗೂ ನೀರು ಹೊಡೆದರೆ ಗುರ್ ಕೂಡ ನಿಲ್ಲುತ್ತೆ, ಆಮೇಲೆ ಯಾವ ಮುನ್ಸೂಚನೇನೂ ಇಲ್ಲದೆ ಹಲ್ಲು ಬರುತ್ತೆ. ಗುರ್ ಅನ್ನೋ ನಾಯಿ ನಿಮಗೆ ಉಪಕಾರ ಮಾಡ್ತಿದೆ, ಅದನ್ನ ಕೆಡಿಸಬೇಡಿ. ಬೊಗಳೋ ನಾಯಿ ಕಚ್ಚಲ್ಲ ಅನ್ನೋ ಗಾದೇನ ಶೆಲ್ಟರ್ ಬಾಗಿಲ ಹೊರಗೇ ಬಿಟ್ಟು ಬನ್ನಿ.

ಬ್ರೂನೊ ಯಾವ ಥರ ಬೊಗಳ್ತಿದ್ದ ಅಂತ ನೀವು ಬರೆದಿಲ್ಲ. ಮೈ ಸಡಿಲವಾಗಿ, ಸೊಂಟ ಸಮೇತ ಬಾಲ ಆಡಿಸ್ತಾ, ಜಾಲರಿ ಮೇಲೆ ಕಾಲಿಟ್ಟು ಬೊಗಳಿದರೆ ಅದು ಹತಾಶೆ: ನಿಮ್ಮ ಹತ್ತಿರ ಬರಬೇಕು, ಗೇಟು ಬಿಡ್ತಿಲ್ಲ. ಮುಂದೆ ನುಗ್ಗಿ ತಕ್ಷಣ ಹಿಂದೆ ಸರಿಯೋದು, ತೂಕ ಹಿಂಗಾಲ ಮೇಲೆ, ಕಣ್ಣಿನ ಬಿಳಿ ಕಾಣೋದು, ಬಾಯಿ ಬಿಗಿ ಇದ್ದರೆ ಅದು ಭಯ. ಮೊದಲನೇ ಥರದ ನಾಯಿಯನ್ನ ನೀರು ಹೊಡೆದು ಎರಡನೇ ಥರಕ್ಕೆ ತಂದಿದ್ದೀರಿ ಅಂತ ನನ್ನ ಅನುಮಾನ.

ಈಗ ಡಬ್ಬಿ ವಿಧಾನ. ಪ್ರತಿ ಗೇಟಿನ ಹೊರಗೆ, ಎದೆ ಎತ್ತರದಲ್ಲಿ, ಮುಚ್ಚಳ ಇರೋ ಒಂದು ಡಬ್ಬಿ ನೇತುಹಾಕಿ. ಅದರೊಳಗೆ ಆ ನಾಯಿಯದೇ ಆ ದಿನದ ಡ್ರೈ ಫುಡ್‌ನಲ್ಲಿ ಕಾಲು ಭಾಗ. ಎಕ್ಸ್‌ಟ್ರಾ ಅಲ್ಲ, ಬಟ್ಟಲಿಗೆ ಹಾಕೋದರಲ್ಲೇ ಕಳೆದು ಇಡಬೇಕು, ಇಲ್ಲದಿದ್ದರೆ ಮೂರನೇ ದಿನಕ್ಕೆ ಇಡೀ ಸಾಲಿಗೆ ಭೇದಿ. ಆ ಓಣಿಯಲ್ಲಿ ಹಾದುಹೋಗೋ ಪ್ರತಿಯೊಬ್ಬರೂ, ಕಸ ಗುಡಿಸೋರಿಂದ ಡಾಕ್ಟರ್‌ವರೆಗೆ, ನಾಲಿಗೆಯಿಂದ ಒಂದು ಟಕ್ ಸದ್ದು ಮಾಡಿ ಎರಡು ಕಾಳು ಒಳಗೆ ಎಸೆದು ಮುಂದೆ ನಡೀಬೇಕು. ನಿಲ್ಲೋದಿಲ್ಲ, ದಿಟ್ಟಿಸೋದಿಲ್ಲ, ಮುದ್ದು ಮಾತಿಲ್ಲ. ದಿನಕ್ಕೆ ಹತ್ತು ಹದಿನೈದು ಸಲ ಆದರೆ ಸಾಕು.

ನಾಯಿ ಬೊಗಳ್ತಿದ್ದರೂ ಎಸೀಬೇಕಾ? ಹೌದು, ಎಸೀರಿ. ಇಲ್ಲಿ ಎಲ್ಲರೂ ಜಗಳಕ್ಕೆ ಬರ್ತಾರೆ, "ಬೊಗಳಿದ್ದಕ್ಕೆ ಬಹುಮಾನ ಕೊಟ್ಟ ಹಾಗಾಯ್ತಲ್ಲ" ಅಂತ. ನಾಯಿಗಳ ವರ್ತನೆ ಅಧ್ಯಯನ ಮಾಡೋ ಅಲೆಕ್ಸಾಂಡ್ರಾ ಪ್ರೊಟೊಪೊಪೊವಾ ಮತ್ತು ಕ್ಲೈವ್ ವಿನ್ 2014ರಲ್ಲಿ ಶೆಲ್ಟರ್ ನಾಯಿಗಳ ಮೇಲೆ ಎರಡೂ ರೀತಿ ಮಾಡಿ ನೋಡಿದ್ದಾರೆ: ಸರಿಯಾಗಿ ನಡ್ಕೊಂಡಾಗ ಮಾತ್ರ ತಿಂಡಿ, ಮತ್ತೆ ನಾಯಿ ಏನೇ ಮಾಡ್ತಿದ್ದರೂ ಸದ್ದು ಮಾಡಿ ತಿಂಡಿ. ಎರಡರಲ್ಲೂ ಗೇಟಿನ ಗಲಾಟೆ ಕಡಿಮೆಯಾಯ್ತು. ಕಾರಣ ಸರಳ. ಮನುಷ್ಯ ಬಂದ ಅಂದರೆ ತಿಂಡಿ ಅಂತ ಮನಸ್ಸಿಗೆ ಬಿದ್ದ ಮೇಲೆ ಬೊಗಳೋದಕ್ಕೆ ಇದ್ದ ಕಾರಣವೇ ಸಡಿಲವಾಗುತ್ತೆ. ಜೊತೆಗೆ, ಎರಡನೇ ವಿಧಾನಕ್ಕೆ ತರಬೇತಿ ಬೇಡ. ನಿನ್ನೆ ಸೇರಿದ ವಾಲಂಟಿಯರ್‌ಗೆ "ನಾಲ್ಕೂ ಕಾಲು ನೆಲದ ಮೇಲಿರೋ ಕ್ಷಣ ನೋಡಿ ಕೊಡು" ಅಂದರೆ ಕೈ ಯಾವಾಗಲೂ ಒಂದು ಸೆಕೆಂಡ್ ಲೇಟು, ಅಷ್ಟರಲ್ಲಿ ನಾಯಿ ಮತ್ತೆ ಎಗರಿರುತ್ತೆ.

ಕೆಡೋದು ಎಲ್ಲಿ ಅಂದರೆ, ಒಂದು, ಸದ್ದಿಗಿಂತ ಮೊದಲು ಕೈ ಡಬ್ಬಿಗೆ ಹೋಗೋದು. ಆಗ ನಾಯಿಗೆ ಮುಚ್ಚಳದ ಸದ್ದೇ ಸೂಚನೆ, ನಿಮ್ಮ ಟಕ್‌ಗೆ ಬೆಲೆ ಇಲ್ಲ. ನಾಳೆ ದತ್ತು ತಗೊಳ್ಳೋಕೆ ಅಂತ ಡಬ್ಬಿ ಮುಟ್ಟದೆ ಬರೋರಿಗೆ ಅದೇ ಬೊಗಳಾಟ. ಕಾಳು ಮೊದಲೇ ಮುಷ್ಟಿಯಲ್ಲಿರಲಿ, ಕೈ ಪಕ್ಕಕ್ಕೆ ಇಳಿಬಿಟ್ಟಿರಲಿ. ನಾಯಿ ನಿಮ್ಮನ್ನ ನೋಡಿತು, ಟಕ್, ಒಂದು ಸೆಕೆಂಡ್‌ನೊಳಗೆ ಕೈ ಎದ್ದಿತು, ಕಾಳು ಹೋಯ್ತು. ಈ ಕ್ರಮ ತಪ್ಪಬಾರದು.

ಎರಡು, ಎಸೆಯೋ ಜಾಗ. ಗೇಟಿನ ಬುಡಕ್ಕೆ ಹಾಕಿದರೆ ನಾಯಿ ದಿನವಿಡೀ ಗೇಟಿನ ಬುಡದಲ್ಲೇ ಕಾವಲು ಕೂರುತ್ತೆ, ಪಕ್ಕದ ಕೆನಲ್ ನಾಯಿ ಜೊತೆ ಜಾಲರಿ ಕಚ್ಚಾಟ ಬೇರೆ. ನಾಯಿಯ ತಲೆ ದಾಟಿ ಹಿಂದಿನ ಗೋಡೆ ಹತ್ತಿರ ಬೀಳಬೇಕು. ಭಯದ ನಾಯಿಗಂತೂ ಇದು ಕಡ್ಡಾಯ: ತಿನ್ನೋಕೆ ನಿಮ್ಮಿಂದ ದೂರ ಹೋಗೋ ಹಾಗಿರಬೇಕು, ನಿಮ್ಮ ಹತ್ತಿರ ಬರೋ ಹಾಗಲ್ಲ. ಬೆದರಿದ ನಾಯಿಯನ್ನ ಕೈತುತ್ತಿನ ಆಸೆಗೆ ಎಳೆದರೆ, ತಿಂದು ಮುಗಿಸಿ ತಲೆ ಎತ್ತಿದಾಗ "ಅಯ್ಯೋ, ಇಷ್ಟು ಹತ್ತಿರ ಬಂದುಬಿಟ್ಟೆನಾ" ಅಂತ ಗಾಬರಿಯಾಗುತ್ತೆ. ಬೆರಳು ಹೋಗೋದು ಆ ಕ್ಷಣದಲ್ಲೇ. ಬ್ರೂನೊ ಮೂಲೆ ಸೇರಿದ್ದಾನೆ ಅಂದಿರಲ್ಲ, ಅವನ ತಲೆ ದಾಟಿಸೋಕೆ ಜಾಗ ಇಲ್ಲ. ಪಕ್ಕಕ್ಕೆ ಒಂದಡಿ ದೂರ ಬೀಳಿಸಿ, ಮೈಮೇಲೆ ಬೀಳಿಸಬೇಡಿ.

ಮೂರು, ಒಬ್ಬರು ಕಾಳು, ಇನ್ನೊಬ್ಬರು ಸ್ಪ್ರೇ. ಇದು ಎಲ್ಲಕ್ಕಿಂತ ಕೆಟ್ಟದ್ದು. ಯಾರು ಬಂದರೆ ಏನಾಗುತ್ತೆ ಅಂತ ತಿಳಿಯದ ನಾಯಿ ಎಲ್ಲರಿಗೂ ಸಿದ್ಧವಾಗೇ ಇರುತ್ತೆ. ಬಾಟ್ಲಿ, ಕಾಯಿನ್ ತುಂಬಿದ ಡಬ್ಬ, ಜಾಲರಿಗೆ ಬಡಿಯೋ ಕೋಲು, ಎಲ್ಲವನ್ನೂ ಒಂದೇ ದಿನ ಕಟ್ಟಡದಿಂದ ಹೊರಗೆ ಹಾಕಿ.

ನಾಲ್ಕು, ಡಬ್ಬಿಯ ಪಾಡು. ತೊಳೆಯುವಾಗ ಬ್ಲೀಚ್ ನೀರು ಹಾರಿ ಡಬ್ಬಿಗೆ ಬೀಳುತ್ತೆ, ಹಾಗಾಗಿ ತೊಳೆಯೋ ಮೊದಲು ತೆಗೆದಿಡಿ. ರಾತ್ರಿ ಖಾಲಿ ಮಾಡದಿದ್ದರೆ ಇಲಿ ಗ್ಯಾರಂಟಿ. ಐಸೋಲೇಶನ್ ವಾರ್ಡಿನ ಡಬ್ಬಿ ಈ ಕಡೆ ಬರಲೇಬಾರದು, ನಾಯಿಗಳಿಗೆ ಮಾರಕ ವಾಂತಿ-ಭೇದಿ ತರೋ ಪಾರ್ವೊ ವೈರಸ್ ಪಾತ್ರೆ, ಚಪ್ಪಲಿ ಎಲ್ಲದರ ಮೇಲೂ ಪ್ರಯಾಣ ಮಾಡುತ್ತೆ.

ಕಾಳು ಎಸೆದರೂ ಮೂಸದೆ ಬೊಗಳ್ತಾನೇ ಇದ್ದರೆ ನೀವು ತುಂಬಾ ಹತ್ತಿರ ಇದ್ದೀರಿ. ಎರಡು ಕೆನಲ್ ಹಿಂದಿನಿಂದ ಶುರು ಮಾಡಿ, ಅಥವಾ ಎರಡು ದಿನ ಕಡಲೆಕಾಳಿನ ಗಾತ್ರದ ಬೇಯಿಸಿದ ಕೋಳಿ ತುಂಡು ಬಳಸಿ. ಕೋಳಿಯನ್ನೂ ಬಿಟ್ಟರೆ ಟ್ರೈನಿಂಗ್ ನಿಲ್ಲಿಸಿ ಡಾಕ್ಟರ್‌ಗೆ ತೋರಿಸಿ. ಕಿವಿ, ಹಲ್ಲು, ಸೊಂಟದ ನೋವಿನಿಂದ ಗುರ್ ಅನ್ನೋ ನಾಯಿಗೆ ಯಾವ ಡಬ್ಬಿನೂ ಸಹಾಯ ಮಾಡಲ್ಲ.

ನಾಲ್ಕೈದು ದಿನಕ್ಕೆ ಒಂದು ಬದಲಾವಣೆ ಕಾಣಬೇಕು: ಟಕ್ ಅಂದ ತಕ್ಷಣ ನಾಯಿ ನಿಮ್ಮ ಮುಖ ಬಿಟ್ಟು ಹಿಂದಿನ ಗೋಡೆ ಕಡೆ ಕತ್ತು ತಿರುಗಿಸುತ್ತೆ. ಅದು ಬಂದ ಮೇಲೆ ಮಾತ್ರ ಅನುಭವ ಇರೋ ಒಬ್ಬಿಬ್ಬರು "ಸುಮ್ಮನಿದ್ದರೆ ಕೊಡೋದು" ಶುರು ಮಾಡಬಹುದು. ಒಂದು ಸೆಕೆಂಡ್ ಮೌನ, ಕಾಳು. ಆಮೇಲೆ ಮೂರು ಸೆಕೆಂಡ್, ಎರಡು, ಐದು, ಒಂದು, ನಾಲ್ಕು, ಹೀಗೆ ಹಿಂದೆ ಮುಂದೆ. ಬರೀ ಏರಿಸ್ತಾ ಹೋದರೆ ನಾಯಿ ಬೇಸತ್ತು ಬೊಗಳಾಟಕ್ಕೇ ವಾಪಸ್. ನೀವು ಮಾಡ್ತಿದ್ದ "ನಿಂತು ಕಾಯೋದು" ಕೆಟ್ಟದ್ದು ಯಾಕೆ ಅಂದರೆ, ಗಮನ ಕೊಡದೆ ಕಾದಾಗ ಸದ್ದು ಮೊದಲು ಏರುತ್ತೆ. ಆ ಏರಿನ ತುದಿಯಲ್ಲಿ ನಿಮಗೆ ಸಾಕಾಗಿ ಗೇಟು ತೆಗೆದಿರಿ ಅಂದರೆ "ಇಷ್ಟು ಜೋರು ಬೊಗಳಿದರೆ ಬಾಗಿಲು ತೆಗೀತಾರೆ" ಅನ್ನೋ ಪಾಠ ಪಕ್ಕಾ. ಅದೂ ಅಲ್ಲದೆ ನೀವು ಮುಖಾಮುಖಿ ನಿಂತಿದ್ದೀರಿ. ಗೇಟಿಗೆ ಭುಜ ಕೊಟ್ಟು ಅಡ್ಡ ನಿಲ್ಲಿ, ನೋಟ ನೆಲದ ಮೇಲಿರಲಿ.

ಗೇಟು ತೆಗೆದಾಗ ಎಗರೋದಕ್ಕೆ ಮಂಡಿಯಿಂದ ಎದೆಗೆ ಗುದ್ದಿ ಅಂತ ಈ ಥ್ರೆಡ್‌ನಲ್ಲಿ ಮೇಲೆ ಒಬ್ಬರು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಬೇಡ. ಅರ್ಧ ನಾಯಿಗಳು ಅದನ್ನ ಆಟ ಅಂದ್ಕೊಳ್ಳುತ್ತವೆ, ಉಳಿದವು ನಿಮ್ಮ ಕಾಲಿಗೆ ಹೆದರೋಕೆ ಕಲೀತವೆ. ಸ್ಲಿಪ್ ಲೀಡನ್ನ (ಎಳೆದರೆ ಕತ್ತಿಗೆ ಬಿಗಿಯಾಗೋ ಕುಣಿಕೆ ಹಗ್ಗ) ನಾಯಿ ತಲೆಯ ಎರಡರಷ್ಟು ಅಗಲದ ಕುಣಿಕೆ ಮಾಡಿ ಎಡಗೈಯಲ್ಲಿ ಹಿಡೀರಿ. ಪಾದ ಗೇಟಿನ ಬುಡಕ್ಕೆ ಒತ್ತಿಟ್ಟು ನಾಲ್ಕು ಬೆರಳಷ್ಟು ತೆಗೆದು, ಒಂದು ಮುಷ್ಟಿ ಕಾಳು ಒಳಗೆ ನೆಲಕ್ಕೆ ಚೆಲ್ಲಿ. ತಲೆ ಕೆಳಗಿರೋವಾಗ ಒಳಗೆ ಹೋಗಿ, ಬೆನ್ನ ಹಿಂದೆ ಚಿಲಕ ಹಾಕಿ, ತಲೆ ಎತ್ತಿದಾಗ ಕುಣಿಕೆ ಕಿವಿಯ ಹಿಂದಕ್ಕೆ ಜಾರಿಸಿ. ಬಿಗಿ ಮಾಡೋ ಅವಸರ ಬೇಡ. ಆಮೇಲೆ ಹಾರ್ನೆಸ್ (ಎದೆ ಸುತ್ತ ಹಾಕೋ ಪಟ್ಟಿ), ಅದಕ್ಕೆ ಎರಡನೇ ಲೀಶ್. ಹೊಸ ನಾಯಿಗೆ ಮೊದಲ ದಿನಗಳಲ್ಲಿ ಎರಡು ಕಡೆ ಕಟ್ಟದೆ ಹೊರಗೆ ತರಲೇಬೇಡಿ. ಆದರೆ ಈ ಒಳಗೆ ಹೋಗೋ ಕ್ರಮ ಹತಾಶೆಯ ನಾಯಿಗೆ. ಗುರ್ ಅನ್ನೋ ಈಗಿನ ಬ್ರೂನೊ ಇರೋ ಜಾಗಕ್ಕೆ ಹೋಗಿ ಬಾಗಿಲು ಹಾಕ್ಕೋಬೇಡಿ, ಅವನು ತಾನಾಗಿ ಗೇಟಿಗೆ ಬರೋವರೆಗೆ ಡಬ್ಬಿ ಮಾತ್ರ. ಒಳಗೆ ತೊಳೀಬೇಕಾದರೆ ನಡುಬಾಗಿಲು ಎಳೆದು ಅವನನ್ನ ಆ ಕಡೆ ಭಾಗಕ್ಕೆ ಬಿಟ್ಟು ತೊಳೀರಿ.

ಉದ್ದಕ್ಕೆ ಎಳೆಯೋ, ಸ್ಪ್ರಿಂಗ್‌ನಿಂದ ಸುತ್ತಿಕೊಳ್ಳೋ ಲೀಶನ್ನ ಶೆಲ್ಟರ್‌ಗೆ ಯಾರಾದರೂ ದಾನ ಕೊಟ್ಟರೆ ವಂದನೆ ಹೇಳಿ ಬೀರುವಿನಲ್ಲಿಡಿ. ಹಿಡಿ ಕೈತಪ್ಪಿ ಬಿದ್ದರೆ ಆ ಪ್ಲಾಸ್ಟಿಕ್ ಹಿಡಿ ಲಟಲಟ ಅಂತ ನಾಯಿ ಹಿಂದೆ ಓಡುತ್ತೆ. ಅದಕ್ಕೆ ಹೆದರಿದ ನಾಯಿ ನಿಲ್ಲೋದು ರಸ್ತೆ ದಾಟಿದ ಮೇಲೆ.

ವಾಪಸ್ ಕೆನಲ್‌ಗೆ ಬರೋವಾಗ ಬರಿಗೈಯಲ್ಲಿ ಬಿಟ್ಟು ಹೋಗಬೇಡಿ. ವಾಕ್ ಮುಗಿದದ್ದೇ ಶಿಕ್ಷೆ ಆಗುತ್ತೆ, ಗೇಟು ಮುಚ್ಚಿದ ಕ್ಷಣ ಬೊಗಳಾಟ. ಮೊದಲೇ ಹೆಪ್ಪುಗಟ್ಟಿಸಿದ ಕಾಂಗ್ (ತಿಂಡಿ ತುಂಬೋ ಟೊಳ್ಳು ರಬ್ಬರ್ ಆಟಿಕೆ) ಕೆನಲ್ ಒಳಗೆ ಕಾಯ್ತಿರಲಿ: ನೆನೆಸಿದ ಡ್ರೈ ಫುಡ್ ಮುಕ್ಕಾಲು, ವೆಟ್ ಫುಡ್ ಕಾಲು, ರಾತ್ರಿ ಫ್ರೀಜರ್‌ಗೆ. ಕೆಂಪು ಬಣ್ಣದ್ದು ಸಾಮಾನ್ಯ ನಾಯಿಗೆ, ದವಡೆ ಗಟ್ಟಿ ಇರೋದಕ್ಕೆ ಕಪ್ಪು. ಕಾಂಗ್‌ನ ಅಗ್ಗದ ನಕಲುಗಳು ನನಗೆ ಬೇಡ, ಚೂರು ಚೂರಾಗಿ ಹೊಟ್ಟೆಗೆ ಹೋಗುತ್ತವೆ. ಪೀನಟ್ ಬಟರ್ ಸವರೋರು ಲೇಬಲ್‌ನಲ್ಲಿ ಕ್ಸೈಲಿಟಾಲ್ ಅನ್ನೋ ಸಿಹಿಕಾರಕ ಇದೆಯಾ ನೋಡಿ, ಅದು ನಾಯಿಗೆ ವಿಷ.

ಎದುರು ಬದುರು ಕೆನಲ್ ಇದ್ದರೆ ಗೇಟಿನ ಕೆಳಗಿನ ಅರ್ಧಕ್ಕೆ ಮಂಜುಗಾಜಿನಂಥ ಶೀಟ್ ಕಟ್ಟಿ. ಪೂರ್ತಿ ಮುಚ್ಚಬೇಡಿ, ಮನುಷ್ಯ ದಿಢೀರ್ ಅಂತ ಪ್ರತ್ಯಕ್ಷ ಆದರೆ ಇನ್ನೂ ಕಷ್ಟ. ಚಿಲಕಕ್ಕೆ ರಬ್ಬರ್ ತುಂಡು, ಸ್ಟೀಲ್ ಬಟ್ಟಲುಗಳ ರಾಶಿ ಆ ಓಣಿಯಿಂದ ದೂರ. ಕೆನಲ್ ಕಟ್ಟಡದ ಸದ್ದು 100 ಡೆಸಿಬೆಲ್ ದಾಟೋದು ಅಪರೂಪ ಅಲ್ಲ, ನಮ್ಮ ಕಿವಿಗಿಂತ ಅವುಗಳ ಕಿವಿ ಸೂಕ್ಷ್ಮ. ಸಂಗೀತ ಹಾಕೋರು ಒಂದೇ ಪ್ಲೇಲಿಸ್ಟ್ ಇಡೀ ದಿನ ಓಡಿಸಬೇಡಿ. ಗ್ಲಾಸ್ಗೋ ವಿಶ್ವವಿದ್ಯಾಲಯ ಮತ್ತು ಪ್ರಾಣಿದಯಾ ಸಂಸ್ಥೆ ಸ್ಕಾಟಿಷ್ ಎಸ್‌ಪಿಸಿಎ 2017ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಸಾಫ್ಟ್ ರಾಕ್, ರೆಗೆ ಚೆನ್ನಾಗಿ ಒಗ್ಗಿದವು. ಆದರೆ ಯಾವುದಾದರೂ ಒಂದನ್ನೇ ಹಾಕ್ತಿದ್ದರೆ ಕೆಲವೇ ದಿನಕ್ಕೆ ಪರಿಣಾಮ ಮಂಕಾಗುತ್ತೆ. ಬದಲಾಯಿಸಿ, ಕೆಲವು ಗಂಟೆ ಪೂರ್ತಿ ಆಫ್ ಮಾಡಿ.

ಇನ್ನೊಬ್ಬರು ಇದೇ ಥ್ರೆಡ್‌ನಲ್ಲಿ "ಬಂದ ದಿನವೇ ಬಟ್ಟಲಿಗೆ ಕೈ ಹಾಕಿ ಟೆಸ್ಟ್ ಮಾಡಿ" ಅಂದಿದ್ದಾರೆ, ಊಟದ ಹತ್ತಿರ ಯಾರನ್ನೂ ಬಿಡದೆ ಬಟ್ಟಲು ಕಾಯೋ ನಾಯಿಯಾ ಅಂತ ತಿಳಿಯೋಕೆ. ಶೆಲ್ಟರ್‌ಗೆ ಬಂದ ಮೊದಲ ಮೂರು ದಿನ ನಾಯಿಯ ಕಾರ್ಟಿಸಾಲ್ (ಒತ್ತಡದ ಹಾರ್ಮೋನ್) ಏರಿಯೇ ಇರುತ್ತೆ, ಆಗ ಮಾಡಿದ ಯಾವ ಟೆಸ್ಟೂ ಆ ದಿನದ ಭಯವನ್ನ ಅಳೆಯುತ್ತೆ ಅಷ್ಟೇ. ಶೆಲ್ಟರ್‌ನಲ್ಲಿ ಬಟ್ಟಲು ಕಾಯೋ ಎಷ್ಟೋ ನಾಯಿಗಳು ಮನೆಯಲ್ಲಿ ಕಾಯೋದೇ ಇಲ್ಲ, ಶೆಲ್ಟರ್‌ನಲ್ಲಿ ಸುಮ್ಮನಿದ್ದವು ಮನೆಯಲ್ಲಿ ಶುರು ಮಾಡೋದೂ ಉಂಟು. ತಿನ್ನೋವಾಗ ಕೈ ಹಾಕ್ತಾ ಹೋದರೆ ಇಲ್ಲದ ಕಾಯಿಲೆ ಹುಟ್ಟಿಸ್ತೀರಿ. ಆರಡಿ ದೂರದಿಂದ ಹಾದುಹೋಗ್ತಾ ಬಟ್ಟಲಿನ ಕಡೆ ಕೋಳಿ ತುಂಡು ಎಸೀರಿ, ಮೈ ಸಡಿಲ ಇದ್ದರೆ ನಾಳೆ ಐದಡಿ. ಖಾಲಿ ಬಟ್ಟಲು ಎತ್ತಬೇಕಾದರೆ ಆಚೆ ಮೂಲೆಗೆ ಏನಾದರೂ ಚೆಲ್ಲಿ, ನಾಯಿ ಅತ್ತ ಹೋದ ಮೇಲೆ ಎತ್ತಿ.

ನೀವು ಹಾಕಿದ ಒಂದು ಫೋಟೊದಲ್ಲಿ ಬೆಕ್ಕಿನ ರೂಮಲ್ಲೂ ಸ್ಪ್ರೇ ಬಾಟ್ಲಿ ಕಂಡೆ. ಬೆಕ್ಕು ಮರಳಿನ ಟ್ರೇ ಒಳಗೇ ಮಲಗ್ತಿದ್ದರೆ ಅದು ಹಟ ಅಲ್ಲ, ಬಚ್ಚಿಟ್ಟುಕೊಳ್ಳೋಕೆ ಬೇರೆ ಜಾಗ ಇಲ್ಲ ಅಂತ. ಒಂದು ರಟ್ಟಿನ ಪೆಟ್ಟಿಗೆ ಮಗುಚಿ ಪಕ್ಕಕ್ಕೆ ಬಾಗಿಲು ಕತ್ತರಿಸಿ ಒಳಗಿಡಿ, ಅದರ ಮೇಲೆಯೇ ಕೂರೋಕೂ ಆಗುತ್ತೆ. ಬೆಕ್ಕಿನ ಕ್ಯಾರಿಯರ್‌ಗೆ ಬಟ್ಟೆ ಮುಚ್ಚಿ, ನಾಯಿ ಓಣಿಯಲ್ಲಿ ತರಬೇಡಿ, ನೆಲದ ಮೇಲೆ ಇಡಬೇಡಿ.

ಬ್ರೂನೊ ಕಾರ್ಡ್ ಮೇಲೆ "ಅಗ್ರೆಸಿವ್" ಅಂತ ಕೆಂಪು ಇಂಕಿನಲ್ಲಿ ಬರೆದಿರೋದು ಅಳಿಸಿ. "ಗೇಟಿಗೆ ಎದುರಾಗಿ ನಿಂತರೆ ಮೂಲೆ ಸೇರಿ ಗುರ್ ಅನ್ನುತ್ತೆ, ಅಡ್ಡ ನಿಂತು ಪಕ್ಕಕ್ಕೆ ಕಾಳು ಎಸೆಯಿರಿ, ಒಳಗೆ ಹೋಗಬೇಡಿ" ಅಂತ ಬರೀರಿ, ಕೆಳಗೆ ತಾರೀಖು ಹಾಕಿ. ಹತ್ತು ದಿನ ಡಬ್ಬಿ ನಡೆಸಿ, ದಿನಕ್ಕೆ ಎಷ್ಟು ಸಲ ಎಸೆದಿರಿ, ಎಷ್ಟು ಸಲ ತಿಂದ, ಎಷ್ಟು ಸಲ ಗುರ್ ಅಂದ, ಇಷ್ಟನ್ನ ಬರೆದಿಟ್ಟು ಇಲ್ಲೇ ಹಾಕಿ. ಗುರ್ ಕೂಡ ನಿಂತು, ಮೈ ಗಟ್ಟಿ ಮಾಡಿ, ಬಾಯಿ ಮುಚ್ಚಿ ದಿಟ್ಟಿಸೋಕೆ ಶುರು ಮಾಡಿದರೆ ಹತ್ತು ದಿನ ಕಾಯಬೇಡಿ, ಅದೇ ದಿನ ಡಾಕ್ಟರ್‌ಗೆ, ಬಿಹೇವಿಯರ್ ನೋಡೋರಿಗೆ ಹೇಳಿ. ಮತ್ತೆ ನಿಮ್ಮ ಗೇಟು ಒಳಗೆ ತೆರೆಯುತ್ತಾ ಹೊರಗಾ ಅಂತಲೂ ತಿಳಿಸಿ. ಹೊರಗೆ ತೆರೆಯೋದಾದರೆ ಮೇಲೆ ಹೇಳಿದ ಪಾದದ ಲೆಕ್ಕ ಸ್ವಲ್ಪ ಬೇರೆ.