ಅಯೋರ್ಟಾ, ವೇನಾ ಕೇವಾ ನಡುವೆ ತೂತಾದರೆ ಕಾಲು ಊದುವುದು ಯಾಕೆ?

ಕುಂಬಳೆಯಿಂದ ನೀವು ಕೇಳಿದ್ದೀರಿ: ಮಾವನಿಗೆ ಹೊಟ್ಟೆನೋವು, ಕಾಲು ಊತ. ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿ ‘ಅಯೋರ್ಟೋಕೇವಲ್ ಫಿಸ್ಟುಲಾ’ ಎಂದರು. ಹೊಟ್ಟೆಯ ತೊಂದರೆಗೆ ಕಾಲು ಯಾಕೆ ಊದಬೇಕು?

ಬೆನ್ನೆಲುಬಿನ ಮುಂದೆ ಎರಡು ದೊಡ್ಡ ರಕ್ತನಾಳಗಳು ಅಕ್ಕಪಕ್ಕ ಇವೆ. ಹೃದಯದಿಂದ ರಕ್ತ ತರುವ ಅಯೋರ್ಟಾದಲ್ಲಿ ಒತ್ತಡ ಜಾಸ್ತಿ. ವಾಪಸ್ ಒಯ್ಯುವ ವೇನಾ ಕೇವಾದಲ್ಲಿ ತೀರಾ ಕಡಿಮೆ. ನಡುವೆ ತೂತಾದರೆ (ಇದೇ ಅಯೋರ್ಟೋಕೇವಲ್ ಫಿಸ್ಟುಲಾ) ರಕ್ತ ಅಯೋರ್ಟಾದಿಂದ ವೇನಾ ಕೇವಾದೊಳಕ್ಕೆ ನುಗ್ಗುತ್ತದೆ ಅಲ್ವಾ? ಆಗ ಕಾಲಿನಿಂದ ಬರುವ ರಕ್ತಕ್ಕೆ ಮೇಲೆ ಹೋಗಲು ಕಷ್ಟ. ಅದಕ್ಕೇ ಊತ. ಕೆಲವರಿಗೆ ಮೂತ್ರದಲ್ಲೂ ರಕ್ತ ಬರುತ್ತದೆ. ಹೃದಯ ಅದೇ ರಕ್ತವನ್ನು ಸುಮ್ನೆ ಸುತ್ತಿಸಿ ಸುತ್ತಿಸಿ ಸೋಲುತ್ತದೆ, ಏದುಸಿರು ಶುರುವಾಗುತ್ತದೆ. ಹೀಗಾಗಿ ಇದನ್ನು ಬರೀ ಹಾರ್ಟಿನ ಅಥವಾ ಕಿಡ್ನಿಯ ಕಾಯಿಲೆ ಎಂದುಕೊಳ್ಳುವ ಅಪಾಯವಿದೆ.

ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟರೆ ಮಿಷನ್ ಓಡಿದಂತೆ ಬಿಡದ ಸದ್ದು ಕೇಳಿಸಬಹುದು. ಸಿಟಿ ಆಂಜಿಯೋ, ಅಂದರೆ ಡೈ ಕೊಟ್ಟು ರಕ್ತನಾಳಗಳನ್ನು ನೋಡುವ ಸ್ಕ್ಯಾನ್ ಮಾಡುವಾಗ ಡೈ ಅಯೋರ್ಟಾಕ್ಕೆ ಬಂದ ಹೊತ್ತಿಗೇ ವೇನಾ ಕೇವಾದಲ್ಲೂ ಹೊಳೆಯುತ್ತದೆ. ಸಾಮಾನ್ಯವಾಗಿ ಅದು ಅಲ್ಲಿಗೆ ತಡವಾಗಿ ತಲುಪಬೇಕು.

ಹೆಚ್ಚಿನವರಲ್ಲಿ ಕಾರಣ ಅನ್ಯೂರಿಸಂ, ಅಂದರೆ ಬಲಗೆಟ್ಟು ಉಬ್ಬಿದ ಅಯೋರ್ಟಾ ಪಕ್ಕದ ನಾಳದೊಳಕ್ಕೇ ಒಡೆಯುವುದು. ವಯಸ್ಸು, ಬಿಪಿ, ವರ್ಷಗಟ್ಟಲೆ ಸೇದಿದ ಬೀಡಿ ಇದಕ್ಕೆ ದಾರಿ ಮಾಡುತ್ತವೆ. ಚೂರಿ ಗಾಯದಿಂದಲೂ, ಅಪರೂಪಕ್ಕೆ ಸೊಂಟದ ಡಿಸ್ಕ್ ಆಪರೇಷನ್ನಿನಿಂದಲೂ ಆಗುತ್ತದೆ. ಇದನ್ನು ಮೊದಲು ವಿವರಿಸಿದವರು ಸ್ಕಾಟ್ಲೆಂಡಿನ ಸರ್ಜನ್ ಜೇಮ್ಸ್ ಸೈಮ್, 1831ರಲ್ಲಿ.

ಅನ್ಯೂರಿಸಂ ಒಡೆದು ಆದ ತೂತು ಮಾತ್ರೆಯಿಂದ ಮುಚ್ಚುವುದಿಲ್ಲ. ಹೊಟ್ಟೆ ತೆರೆದು ತೂತಿಗೆ ಹೊಲಿಗೆ ಹಾಕಿ ಕೃತಕ ನಾಳ ಜೋಡಿಸುತ್ತಾರೆ, ಇಲ್ಲವೇ ತೊಡೆಯ ನಾಳದಿಂದ ಸ್ಟೆಂಟ್ ಗ್ರಾಫ್ಟ್ (ಬಟ್ಟೆಯಂಥ ಹೊದಿಕೆ ಇರುವ ಲೋಹದ ಜಾಲರಿಯ ಕೊಳವೆ) ಕೂರಿಸುತ್ತಾರೆ. ದಯವಿಟ್ಟು ‘ನೋಡುವಾ’ ಎಂದು ಕಾಯಬೇಡಿ. ವ್ಯಾಸ್ಕುಲರ್ ಸರ್ಜನ್ (ರಕ್ತನಾಳದ ಆಪರೇಷನ್ ಮಾಡುವ ಡಾಕ್ಟರ್) ಇರುವ ಆಸ್ಪತ್ರೆಗೆ ಇವತ್ತೇ ಸೇರಿಸಿ.